ಬೆನ್ನಿಗೆ ಎಷ್ಟು ಬಾಗಿಲು!

ನೂರು ಹೆಜ್ಜೆ ನಡೆಯಲಾಗದ ಮನುಷ್ಯ ಸೈಕಲ್ ಹತ್ತಿದರೆ ಊರಾಚೆಯ ತೋಟದವರೆಗೂ ತುಳಿದುಕೊಂಡು ಹೋಗುತ್ತಾನೆ! ಇದು ಸೋಗೋ ಸೋಮಾರಿತನವೋ ಎಂದು ಮನೆಯವರಿಗೇ ಅನುಮಾನ. ಶಿವಮೊಗ್ಗ–ಸಾಗರ ರಸ್ತೆಯ ಆಯನೂರಿನಲ್ಲಿ ಬಸ್ಸಿಳಿದು ಮನೆ ಕಡೆ ಹೊರಟ ಹಿರಿಯರನ್ನು ಗಮನಿಸಿ ನೋಡಿ. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಒಬ್ಬರು ನಿಲ್ಲುತ್ತಾರೆ. ಕಾಲು ಜೋಮು, ಪೃಷ್ಠದಿಂದ ಮೀನಖಂಡದವರೆಗೆ ಸೆಳೆತ. ಸುಮ್ಮನೆ ನಿಂತರೆ ಸಾಲದು, ಕಟ್ಟೆ ಹುಡುಕಿ ಕೂರಬೇಕು, ಮುಂದಕ್ಕೆ ಬಾಗಬೇಕು. ಎರಡು ನಿಮಿಷಕ್ಕೆ ನೋವು ಮಾಯ. ಎದ್ದು ಮತ್ತೆ ನಾಲ್ಕು ಅಂಗಡಿ.

ಒಗಟು ಬಿಡಿಸಿದರೆ ಮೈ ಜುಮ್ಮೆನ್ನುತ್ತದೆ. ನೆಟ್ಟಗೆ ನಿಂತಾಗ ಸೊಂಟದ ಮೂಳೆಗಳ ನಡುವಿನ ನರದ ಕಾಲುವೆ ಕಿರಿದಾಗುತ್ತದೆ, ಹಿಂಬದಿಯ ಹಳದಿ ಪಟ್ಟಿ ಮಡಚಿ ಒಳಗೆ ನುಗ್ಗುತ್ತದೆ. ಮುಂದಕ್ಕೆ ಬಾಗಿದರೆ ಅದೇ ಪಟ್ಟಿ ಬಿಗಿಯಾಗಿ ಕಾಲುವೆ ಅಗಲವಾಗುತ್ತದೆ. ಸೈಕಲ್ ಹ್ಯಾಂಡಲ್ ಹಿಡಿದವನು ಬಾಗಿಯೇ ಇರುತ್ತಾನಲ್ಲ! ಹಾಗಾಗಿಯೇ ಮಲೆನಾಡಿನ ಏರು ಹತ್ತುವಾಗ ಹಾಯೆನಿಸುವ ಕಾಲು ಇಳಿಜಾರಿನಲ್ಲಿ ಕೈಕೊಡುತ್ತದೆ. ಇಳಿಯುವಾಗ ಮೈ ಹಿಂದಕ್ಕೆ ವಾಲುತ್ತದೆ. ನೆದರ್ಲೆಂಡ್ಸಿನ ಶಸ್ತ್ರವೈದ್ಯ ಹೆಂಕ್ ವೆರ್ಬಿಸ್ಟ್ 1954ರಲ್ಲಿ ಈ ಕಾಯಿಲೆಯನ್ನು ಬಿಡಿಸಿ ಬರೆದ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದರೆ ನೋವು ಬರುತ್ತದೆ. ಆದರೆ ಅವರಿಗೆ ನಿಂತರೆ ಸಾಕು, ಬಾಗಬೇಕಿಲ್ಲ. ಸೈಕಲ್ ತುಳಿದರೂ ಅವರಿಗೆ ನೋವೇ. ಆದ್ದರಿಂದ ಒಳ್ಳೆಯ ಸರ್ಜನ್ ಮೊದಲು ಕೇಳುವುದು ಸ್ಕ್ಯಾನ್ ಅಲ್ಲ. "ಯಜಮಾನ್ರೇ, ನಿಂತ್ರೆ ಸಾಕಾ, ಕೂರ್ಲೇಬೇಕಾ?" ಈ ಒಂದು ಪ್ರಶ್ನೆಗೆ ಸಿಕ್ಕ ಉತ್ತರ ರೋಗಿಯನ್ನು ಒಂದೋ ಬೆನ್ನಿನ ಡಾಕ್ಟರ ಬಳಿಗೆ, ಇಲ್ಲವೇ ರಕ್ತನಾಳದ ಡಾಕ್ಟರ ಬಳಿಗೆ ಕಳಿಸುತ್ತದೆ!

ಸೊಂಟದ ಆಪರೇಷನ್ ಎಂದರೆ ಚಾಕು, ಸ್ಕ್ರೂ, ರಾಡು ಎಂದುಕೊಂಡಿದ್ದೆ. ಅದರ ಜಾಡು ಹಿಡಿದು ಹೋದಂತೆ ಬೆರಗಾದದ್ದು ಚಾಕು ಹಿಡಿಯುವ ಮೊದಲಿನ ಲೆಕ್ಕಾಚಾರಕ್ಕೆ. ಎಲ್ಲಿ ಕೊಯ್ಯಬೇಕು, ಯಾವ ಕಡೆಯಿಂದ ಹೋಗಬೇಕು, ಹೋಗಲೇಬೇಕೇ?

ಹೆಬ್ಬೆರಳಿನಿಂದ ಶುರುಮಾಡೋಣ. ಹೌದು, ಕಾಲಿನ ಹೆಬ್ಬೆರಳು! ಡಾಕ್ಟರು ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಹೆಬ್ಬೆರಳಿನ ಉಗುರಿನ ಮೇಲೆ ತಮ್ಮ ಒಂದು ಬೆರಳಿಟ್ಟು ಒತ್ತಿ, "ಮೇಲಕ್ಕೆತ್ತಿ ನೋಡೋಣ" ಎನ್ನುತ್ತಾರೆ. ಆ ಬೆರಳು ಸೋತರೆ ಸೊಂಟದ ಐದನೇ ನರದ ಮೇಲೆ ಅನುಮಾನ. ತುದಿಗಾಲಲ್ಲಿ ನಿಲ್ಲಲಾಗದಿದ್ದರೆ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದಾಗ ಪಾದ ಜಿಗಿಯದಿದ್ದರೆ ಅದರ ಕೆಳಗಿನದು, ತ್ರಿಕಾಸ್ಥಿಯ ಮೊದಲ ನರ. ಮೊಣಕಾಲು ಜಿಗಿಯದಿದ್ದರೆ ನಾಲ್ಕನೆಯದು. ಆಮೇಲೆ ಕಾಲನ್ನು ಮಡಚದೆ ಎತ್ತುತ್ತಾರೆ. ಸ್ವಲ್ಪ ಎತ್ತುವಷ್ಟರಲ್ಲೇ ಪೃಷ್ಠದಿಂದ ಪಾದಕ್ಕೆ ಕರೆಂಟು ಹೊಡೆದಂತಾದರೆ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ನರವನ್ನು ಮುಟ್ಟಿದೆ ಎಂಬ ಅನುಮಾನ. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲು ಚೀರಿದರಂತೂ ಆ ಅನುಮಾನ ಇನ್ನಷ್ಟು ಗಟ್ಟಿ. ಯಂತ್ರ ಇಲ್ಲ, ಬಿಲ್ ಇಲ್ಲ. ಬೆನ್ನೊಳಗಿನ ಒಂದಂಗುಲದ ಜಾಗದಲ್ಲಿ ಏನಾಗಿದೆ ಎಂಬುದನ್ನು ಅಷ್ಟು ದೂರದ ಬೆರಳು ಹೇಳಿಬಿಡುತ್ತದೆ!

ಇನ್ನೊಂದು ಸಂಗತಿ ಕೇಳಿ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು: "ಬೆನ್ನಿಗೆ ಆಪರೇಷನ್ ಮಾಡ್ಸಿದ್ರೆ ಕಾಲು ಹೋಗುತ್ತೆ ಮಾರಾಯ್ರೆ." ಎಷ್ಟೋ ಜನ ಇದೇ ಹೆದರಿಕೆಯಲ್ಲಿ ವರ್ಷಗಟ್ಟಲೆ ಬೆಲ್ಟು ಬಿಗಿದುಕೊಂಡು ಕೂತಿದ್ದಾರೆ. ಆದರೆ ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ! ಅದರ ಕೆಳಗೆ ಇರುವುದು ನೀರಿನಲ್ಲಿ ತೇಲುವ ಬಿಡಿ ಬಿಡಿ ನರಗಳು. ಡಿಸ್ಕ್ ಜಾರುವ ಪ್ರಕರಣಗಳಲ್ಲಿ ಬಹುಪಾಲು ಕೊನೆಯ ಎರಡು ಮೆಟ್ಟಿಲಲ್ಲಿ, ಅಂದರೆ ಎಲ್ 4–ಎಲ್ 5 ಮತ್ತು ಎಲ್ 5–ಎಸ್ 1ರಲ್ಲಿ ಆಗುತ್ತವೆ. ಅಲ್ಲಿ ಹುರಿಯೇ ಇಲ್ಲ. ನರಕ್ಕೆ ಪೆಟ್ಟಾಗುವ, ಅದರ ಪೊರೆ ಹರಿಯುವ, ಸೋಂಕು ತಗಲುವ ಅಪಾಯ ಇದ್ದೇ ಇದೆ, ಸುಳ್ಳು ಹೇಳಬಾರದು. ಆದರೆ ಊರಿನ ಹೆದರಿಕೆಯಲ್ಲಿರುವ ಆ ದೊಡ್ಡ ಅನಾಹುತದ ಜಾಗ ಅದಲ್ಲ.

ಈಗ ಎಂಆರ್‌ಐ. ಶಿವಮೊಗ್ಗಕ್ಕೆ ಹೋಗಿ ತೆಗೆಸಿಕೊಂಡು ಬಂದ ಫಿಲಂ ಕಿಟಕಿಗೆ ಹಿಡಿದು ಮನೆಮಂದಿಯೆಲ್ಲ ನೋಡುತ್ತಾರೆ. ರಿಪೋರ್ಟಿನಲ್ಲಿ ಬಲ್ಜ್, ಡೀಜನರೇಷನ್, ಇಂಡೆಂಟೇಷನ್ ಎಂದೆಲ್ಲ ಇರುತ್ತದೆ. "ಗ್ಯಾಪ್ ಬಂದಿದೆಯಂತೆ" ಎಂದು ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ. 1994ರಲ್ಲಿ ಅಮೆರಿಕದಲ್ಲಿ ಮೌರೀನ್ ಜೆನ್ಸನ್ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನನ್ನು ಸ್ಕ್ಯಾನ್ ಮಾಡಿ ನೋಡಿದರು. ನೂರಕ್ಕೆ 52 ಮಂದಿಯಲ್ಲಿ ಎಲ್ಲಾದರೊಂದು ಕಡೆ ಡಿಸ್ಕ್ ಉಬ್ಬಿತ್ತು! ಎಲ್ಲ ಡಿಸ್ಕೂ ನೆಟ್ಟಗಿದ್ದವರು ನೂರಕ್ಕೆ ಕೇವಲ 36. ಮುಂದೆ 2015ರಲ್ಲಿ ಬ್ರಿಂಜಿಕ್ಜಿ ತಂಡ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಕೊಟ್ಟಿತು. ಇಪ್ಪತ್ತರ ಹರೆಯದಲ್ಲೇ ನೂರರಲ್ಲಿ 37 ಮಂದಿಗೆ ಡಿಸ್ಕ್ ಸವೆದ ಗುರುತು, ಎಂಬತ್ತರಲ್ಲಿ 96 ಮಂದಿಗೆ. ಅಂದರೆ ಅದು ತಲೆ ನರೆತ ಹಾಗೆ! ಸ್ಕ್ಯಾನಿನಲ್ಲಿ ಕಂಡ ಉಬ್ಬಿಗೂ ಹೆಬ್ಬೆರಳು ಹೇಳಿದ ನರಕ್ಕೂ ತಾಳೆಯಾದರೆ ಮಾತ್ರ ಆ ಉಬ್ಬು ಆರೋಪಿ. ಇಲ್ಲದಿದ್ದರೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು. ಫಿಲಂ ನೋಡಿಯೇ ಆಪರೇಷನ್ ತಾರೀಖು ಕೊಡುವವರ ಬಗ್ಗೆ ನನಗಿರುವ ತಕರಾರು ಇದೊಂದೇ.

ಇನ್ನೂ ಸೋಜಿಗವಿದೆ. ಹೊರಗೆ ಜಾರಿ ಬಂದ ಡಿಸ್ಕ್ ತಾನಾಗಿ ಕರಗುತ್ತದೆ! ಅದೂ ಹೇಗೆ? ಚಿಕ್ಕ ಉಬ್ಬು ಹಾಗೇ ಉಳಿಯುವುದು ಹೆಚ್ಚು. ಪೂರ್ತಿ ಹರಿದು ತುಂಡಾಗಿ ಬಿದ್ದದ್ದೇ ಬೇಗ ಕರಗುವುದು. 2015ರಲ್ಲಿ ಒಟ್ಟುಗೂಡಿಸಿದ ಅಧ್ಯಯನಗಳ ಪ್ರಕಾರ ಬರೀ ಉಬ್ಬಿದ್ದರಲ್ಲಿ ಕುಗ್ಗಿದ್ದು ನೂರಕ್ಕೆ 13; ತುಂಡಾಗಿ ಬೇರ್ಪಟ್ಟಿದ್ದರಲ್ಲಿ 96. ಸ್ಕ್ಯಾನಿನಲ್ಲಿ ಅತಿ ಭಯಂಕರವಾಗಿ ಕಂಡದ್ದೇ ವಾಸಿಯಾಗುವ ಗಿರಾಕಿ! ಡಿಸ್ಕಿನ ಒಳತಿರುಳಿಗೆ ರಕ್ತನಾಳಗಳ ಸಂಪರ್ಕವೇ ಇಲ್ಲ. ಅದು ಆಚೆ ಬಂದೊಡನೆ ರಕ್ತದ ಕಾವಲುಕಣಗಳಿಗೆ ಅದು ಪರಕೀಯವಾಗಿ ಕಾಣುತ್ತದೆ, ಮುತ್ತಿಕೊಂಡು ತಿಂದುಹಾಕುತ್ತವೆ.

ಹಾಗಾದರೆ ಆಪರೇಷನ್ ಯಾಕೆ? ಡಚ್ಚರು ಇದನ್ನೇ ಪರೀಕ್ಷೆಗೆ ಹಚ್ಚಿದರು. ವಿಲ್ಕೊ ಪ್ಯೂಲ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 12 ವಾರ ಕಾಲುಸೆಳೆತ ಅನುಭವಿಸಿದ 283 ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವಿಕೆ. ಬೇಗ ಮಾಡಿಸಿದವರ ಕಾಲುನೋವು ಬೇಗ ಹೋಯಿತು. ಆದರೆ ವರ್ಷ ತುಂಬಿದಾಗ ಎರಡೂ ಗುಂಪು ಸಮಸಮ! ಕಾಯಲು ಹೊರಟವರಲ್ಲಿ ನೂರಕ್ಕೆ 39 ಮಂದಿ ಮಾತ್ರ ತಡೆಯಲಾರದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಅಂದರೆ ಕಾಲು ಸೋಲದೆ ಬರೀ ನೋವಿದ್ದವರಿಗೆ ಇದು ಸಾವು ಬದುಕಿನ ಪ್ರಶ್ನೆಯೇ ಅಲ್ಲ. ಎಷ್ಟು ತಿಂಗಳು ನೋವು ತಡೆಯಬಲ್ಲಿರಿ ಎಂಬ ಪ್ರಶ್ನೆ. ಕೊಯ್ಲಿನ ಹೊತ್ತಿಗೆ ತೋಟಕ್ಕೆ ಇಳಿಯಲೇಬೇಕಾದ ಕೂಲಿಯವನ ಉತ್ತರ ಒಂದು, ಪಿಂಚಣಿ ಬರುವ ಮೇಷ್ಟ್ರ ಉತ್ತರ ಇನ್ನೊಂದು. ಎರಡೂ ಸರಿಯೇ!

ಈ ಆಪರೇಷನ್ನಿನ ವಯಸ್ಸು ನೂರೂ ಆಗಿಲ್ಲ. 1930ರ ದಶಕದ ಆರಂಭದವರೆಗೂ ನರ ಒತ್ತುವ ಆ ಬಿಳಿ ತುಂಡನ್ನು ಗಡ್ಡೆ ಎಂದೇ ತಿಳಿದಿದ್ದರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಅನುಮಾನ ಬಂದು, ಗಡ್ಡೆ ಎಂದು ಚೀಟಿ ಅಂಟಿಸಿ ಇಟ್ಟಿದ್ದ ಹಳೆಯ ಮಾದರಿಗಳನ್ನು ಮತ್ತೆ ನೋಡಿದರು. ಬಹಳಷ್ಟು ಗಡ್ಡೆಯೇ ಅಲ್ಲ, ಹರಿದ ಡಿಸ್ಕ್! 1934ರಲ್ಲಿ ಅವರು ಬರೆದ ಲೇಖನ ಬಂದ ಮೇಲೆ ಜಗತ್ತಿನ ಸರ್ಜನ್‌ಗಳೆಲ್ಲ ಬೆನ್ನು ತೆರೆಯತೊಡಗಿದರು.

ಹೇಗೆ ತೆರೆಯುವುದು? ನನಗೆ ಉಸಿರು ನಿಂತದ್ದು ಇಲ್ಲಿ. ನಮ್ಮ ಹಳೇ ತೊಟ್ಟಿಮನೆಗೆ ಹೆಬ್ಬಾಗಿಲು, ಹಿತ್ತಿಲ ಬಾಗಿಲು, ಕೊಟ್ಟಿಗೆ ಕಡೆಯ ಕಿರುಬಾಗಿಲು ಎಲ್ಲ ಇರುತ್ತವಲ್ಲ, ಯಾವ ಕೋಣೆಗೆ ಹೋಗಬೇಕೋ ಅದಕ್ಕೆ ತಕ್ಕ ಬಾಗಿಲು, ಸೊಂಟಕ್ಕೂ ಹಾಗೇ. ಹಿಂದಿನಿಂದ, ಓರೆಯಿಂದ, ಪಕ್ಕದಿಂದ, ಹೊಟ್ಟೆಯ ಕಡೆಯಿಂದ. ಎಲ್ಲ ದಾರಿಯಲ್ಲೂ ಯಾರೋ ಒಬ್ಬರು ಕಾವಲು ಕೂತಿರುತ್ತಾರೆ!

ಹಿಂದಿನ ಬಾಗಿಲು ಎಲ್ಲಕ್ಕಿಂತ ಹಳೆಯದು. ಮೊದಲು ಗೇಣುದ್ದ ಸೀಳಿ, ಸ್ನಾಯುವನ್ನೆಲ್ಲ ಮೂಳೆಯಿಂದ ಎಬ್ಬಿಸಿ ಹೋಗುತ್ತಿದ್ದರು. 1977ರಲ್ಲಿ ಜ್ಯೂರಿಕ್ಕಿನ ಯಾಸರ್ಗಿಲ್, ಜರ್ಮನಿಯ ಕಾಸ್ಪರ್ ಇಬ್ಬರೂ ಸೂಕ್ಷ್ಮದರ್ಶಕ ತಂದರು. ಗಾಯ ಒಂದಂಗುಲಕ್ಕೆ ಇಳಿಯಿತು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಸ್ನಾಯುವನ್ನು ಕೊಯ್ಯುವ ಬದಲು ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ಒಂದರ ಮೇಲೊಂದು ತೂರಿಸಿ, ಎಳೆಗಳನ್ನು ಬರೀ ಅಗಲಿಸಿ ಒಳಹೋಗುವ ಉಪಾಯ ತೋರಿಸಿದರು. ಈಗ ಎಂಡೋಸ್ಕೋಪ್. ಪೆನ್ಸಿಲ್ ದಪ್ಪದ ನಳಿಗೆ, ತುದಿಯಲ್ಲಿ ಕ್ಯಾಮೆರಾ, ನಿರಂತರ ಹರಿಯುವ ನೀರು.

ಎಂಡೋಸ್ಕೋಪಿನ ಇನ್ನೊಂದು ದಾರಿಯೋ, ಅದ್ಭುತ! ನರ ಮೂಳೆಯ ಸಂದಿಯಿಂದ ಹೊರಬಿದ್ದು ಓರೆಯಾಗಿ ಇಳಿಯುವಾಗ, ಕೆಳಗಿನ ಮೂಳೆಯ ಅಂಚಿಗೂ ಅದಕ್ಕೂ ನಡುವೆ ಒಂದು ಚಿಕ್ಕ ತ್ರಿಕೋನ ಉಳಿಯುತ್ತದೆ. ಅಲ್ಲಿ ಮುಖ್ಯವಾದದ್ದೇನೂ ಇಲ್ಲ, ಬರೀ ಖಾಲಿ ಜಾಗ! ಫಿಲಡೆಲ್ಫಿಯಾದ ಪರ್ವೀಜ್ ಕಾಂಬಿನ್ ಆ ತ್ರಿಕೋನವನ್ನು ಗುರುತಿಸಿ ಅದರಲ್ಲೇ ನಳಿಗೆ ಇಳಿಸಿದ. ಇವತ್ತಿಗೂ ಅದಕ್ಕೆ ಅವನದೇ ಹೆಸರು. ರೋಗಿಗೆ ಪೂರ್ತಿ ಅರಿವಳಿಕೆ ಬೇಡ. ಎಚ್ಚರವಾಗಿಯೇ ಬೋರಲು ಮಲಗಿರುತ್ತಾನೆ. ನಳಿಗೆ ನರಕ್ಕೆ ತಾಗಿದರೆ "ಅಯ್ಯೋ ಕಾಲು!" ಎನ್ನುತ್ತಾನೆ, ಸರ್ಜನ್ ಕೂಡಲೇ ಹಿಂದೆ ಸರಿಯುತ್ತಾರೆ. ರೋಗಿಯೇ ಎಚ್ಚರಿಕೆಯ ಗಂಟೆ! ಆದರೆ ಎಲ್ 5–ಎಸ್ 1ಕ್ಕೆ ಇದೇ ದಾರಿ ಹಿಡಿಯಲು ಹೋದರೆ ಎತ್ತರದ ಸೊಂಟದೆಲುಬು ಅಡ್ಡ ಬರುತ್ತದೆ. ಆಗ ಹಿಂದಿನಿಂದ, ಎರಡು ಮೂಳೆಗಳ ನಡುವಿನ ಕಿಂಡಿಯಲ್ಲಿ ಇಳಿಯಬೇಕು. ಪುಣ್ಯಕ್ಕೆ ಆ ಕಿಂಡಿ ಅಲ್ಲೇ ಎಲ್ಲಕ್ಕಿಂತ ಅಗಲ.

ಡಿಸ್ಕ್ ಜಾರಿದ ಜಾಗ ಬೆರಳಗಲ ಆಚೀಚೆ ಆದರೂ ಬಾಗಿಲು ಬದಲು! ಎಲ್ 4–ಎಲ್ 5 ಡಿಸ್ಕ್ ಎಂದಿನಂತೆ ಹಿಂದಕ್ಕೆ ಜಾರಿದರೆ ಒತ್ತುವುದು ಐದನೇ ನರವನ್ನು. ಅದೇ ಡಿಸ್ಕ್ ಪಕ್ಕದ ಅಂಚಿನಲ್ಲಿ ದೂರಕ್ಕೆ ಜಾರಿದರೆ ಸಿಕ್ಕಿಬೀಳುವುದು ಮೇಲಿನ ನಾಲ್ಕನೇ ನರ. ಮಧ್ಯದಿಂದ ಹೋದರೆ ಅರ್ಧ ಕೀಲನ್ನೇ ಕಡಿಯಬೇಕಾದೀತು. ಅದಕ್ಕೆ 1968ರಲ್ಲಿ ಲಿಯಾನ್ ವಿಲ್ಟ್ಸ್ ಬೆನ್ನಿನ ಎರಡು ಸ್ನಾಯುಗಳ ನಡುವೆ ಇರುವ ಸಹಜ ಸಂದು ಹಿಡಿದು ಓರೆಯಾಗಿ ಹೋಗುವ ದಾರಿ ತೋರಿಸಿದ. ಬೆರಳಲ್ಲಿ ತಡವಿದರೆ ಸಂದು ತಾನಾಗಿ ಬಿಡಿಸಿಕೊಳ್ಳುತ್ತದೆಯಂತೆ!

ಹೊಟ್ಟೆಯ ಕಡೆಯಿಂದ ಬೆನ್ನಿಗೆ ಹೋಗುವುದು ಕೇಳುವಾಗ ಹುಚ್ಚು ಎನಿಸುತ್ತದೆ. 1933ರಷ್ಟು ಹಿಂದೆಯೇ ಇಂಗ್ಲೆಂಡಿನ ಬರ್ನ್ಸ್ ಎಂಬ ಸರ್ಜನ್ ಮೂಳೆ ಮುಂದಕ್ಕೆ ಜಾರಿದ ಹುಡುಗನಿಗೆ ಇದನ್ನು ಮಾಡಿದ. ಹೊಟ್ಟೆ ತೆರೆದು, ಮೊಣಕಾಲ ಕೆಳಗಿನ ಎಲುಬಿನ ತುಂಡನ್ನು ಎರಡು ಮೂಳೆಗಳ ನಡುವೆ ಕೀಲಿಸಿದ. ಇದು ಸಾಧ್ಯವಾದದ್ದು ನಮ್ಮ ಮೈಯ ನಕ್ಷೆಯಲ್ಲಿರುವ ಒಂದು ಚಮತ್ಕಾರದಿಂದ. ಹೃದಯದಿಂದ ಇಳಿದು ಬರುವ ಮಹಾಪಧಮನಿ ನಾಲ್ಕನೇ ಮೂಳೆಯ ಹತ್ತಿರ ಎರಡು ಕವಲಾಗುತ್ತದೆ. ಎರಡು ಕವಲುಗಳ ನಡುವೆ, ಸರಿಯಾಗಿ ಎಲ್ 5–ಎಸ್ 1ರ ಎದುರಿಗೆ, ಬಯಲು! ಅದೇ ಎಲ್ 4–ಎಲ್ 5ಕ್ಕೆ ಮುಂದಿನಿಂದ ಹೋಗಬೇಕೆಂದರೆ ಆ ದೊಡ್ಡ ರಕ್ತನಾಳಗಳನ್ನೇ ಸರಿಸಬೇಕು. ಈ ಬಾಗಿಲಿನ ಕಾವಲು ಬೇರೆ ರೀತಿಯದು. ಮೂಳೆಯ ಮುಂದೆ ಹರಡಿಕೊಂಡಿರುವ ತೆಳ್ಳನೆಯ ನರಜಾಲಕ್ಕೆ ಪೆಟ್ಟಾದರೆ ಗಂಡಸರಲ್ಲಿ ವೀರ್ಯ ಹಿಮ್ಮುಖವಾಗಿ ಮೂತ್ರಚೀಲಕ್ಕೆ ಹೋಗಬಹುದು. ಮಕ್ಕಳಾಗಬೇಕಿರುವ ಹುಡುಗನಿಗೆ ಇದನ್ನು ಮೊದಲೇ ಹೇಳಬೇಕು. ಹೇಳಲು ಸಂಕೋಚಪಡುವ ಡಾಕ್ಟರಾದರೆ ಕೇಳಲೇಬೇಕು.

ಪಕ್ಕದ ಬಾಗಿಲು ಬ್ರೆಜಿಲ್‌ನ ಲೂಯಿಜ್ ಪಿಮೆಂಟಾ ಬೆಳೆಸಿದ್ದು. 2006ರಲ್ಲಿ ಓಜ್ಗುರ್ ಅವರೊಡನೆ ಬರೆದ ಲೇಖನದಿಂದ ಲೋಕಕ್ಕೆ ಗೊತ್ತಾಯಿತು. ರೋಗಿಯನ್ನು ಮಗ್ಗುಲು ಮಲಗಿಸಿ, ಪಕ್ಕೆಯಿಂದ ಸೋಯಾಸ್ ಎಂಬ ದಪ್ಪ ಸ್ನಾಯುವನ್ನು ತೂರಿ ನೇರ ಡಿಸ್ಕಿಗೆ! ಬೆನ್ನಿನ ಸ್ನಾಯು ಮುಟ್ಟುವಂತೆಯೇ ಇಲ್ಲ, ದೊಡ್ಡ ಬೆಣೆಯನ್ನು ಅಡ್ಡಲಾಗಿ ಇಟ್ಟು ಕುಸಿದ ಜಾಗವನ್ನು ಎತ್ತಬಹುದು, ನರದ ಕಾಲುವೆ ತಾನಾಗಿ ತೆರೆಯುತ್ತದೆ. ಆದರೆ ತೊಡೆಗೆ ಹೋಗುವ ನರಗಳೆಲ್ಲ ಅದೇ ಸ್ನಾಯುವಿನೊಳಗೆ ವಾಸ! ಅದಕ್ಕೆ ತೂರುವಾಗ ಪ್ರತಿ ಮಿಲಿಮೀಟರಿಗೂ ಸಣ್ಣ ವಿದ್ಯುತ್ ಬಿಟ್ಟು, ನರ ಹತ್ತಿರವಿದೆಯೇ ಎಂದು ಯಂತ್ರ ಕೇಳಿಸಿಕೊಳ್ಳುತ್ತಿರುತ್ತದೆ. ಆಪರೇಷನ್ ಆದ ಮೇಲೆ ಕೆಲವರಿಗೆ ತೊಡೆ ಕೆಲವು ವಾರ ಮರಗಟ್ಟಿರುವುದು ಅದಕ್ಕೇ. ಆ ಸ್ನಾಯುವನ್ನೇ ತಪ್ಪಿಸಿ, ಅದಕ್ಕೂ ಮಹಾಪಧಮನಿಗೂ ನಡುವಿನ ಸಂದಿನಲ್ಲಿ ಓರೆಯಾಗಿ ಹೋಗುವುದನ್ನು ಜರ್ಮನಿಯ ಮೈಕಲ್ ಮಾಯರ್ 1997ರಲ್ಲೇ ವಿವರಿಸಿದ್ದ. ಅದು ಸಾಮಾನ್ಯವಾಗಿ ಎಡಗಡೆಯಿಂದಲೇ. ಯಾಕೆ? ಬಲಗಡೆ ಇರುವ ದೊಡ್ಡ ಅಭಿಧಮನಿಯ ಗೋಡೆ ತೆಳು, ತಾಗಿದರೆ ಹರಿಯುತ್ತದೆ. ಎಡಗಡೆಯ ಮಹಾಪಧಮನಿ ಗಟ್ಟಿಗ, ಸರಿಸಿದರೆ ಸರಿಯುತ್ತದೆ!

ಇಷ್ಟು ಬಾಗಿಲು ಕಂಡ ಮೇಲೆ ಇನ್ನೊಂದು ಪ್ರಶ್ನೆ: ಸ್ಕ್ರೂ ಹಾಕಬೇಕೇ? ಪ್ಯಾರಿಸ್ಸಿನ ರೇಮಂಡ್ ರಾಯ್‌ಕಾಮಿಲ್ 1963ರಿಂದ ಮೂಳೆಯ ಗಟ್ಟಿ ಕಂಬದೊಳಕ್ಕೆ ಸ್ಕ್ರೂ ಇಳಿಸಲು ಶುರುಮಾಡಿದ. ಅಲ್ಲಿಂದ ಎರಡು ಮೂಳೆಗಳನ್ನು ಬೆಸೆದು ಒಂದು ಮಾಡುವುದು ಸಲೀಸಾಯಿತು, ಆಮೇಲೆ ಅಭ್ಯಾಸವಾಯಿತು, ಕೆಲವು ಕಡೆ ಚಟವೂ ಆಯಿತು ಎಂದೇ ನನ್ನ ಅನಿಸಿಕೆ. (ಭದ್ರಾವತಿಯ ಕಬ್ಬಿಣದ ನೆಲದವರಿಗೆ ಒಂದು ಮಾತು: ಮೈಯೊಳಗೆ ಇಳಿಯುವುದು ಹೆಚ್ಚಾಗಿ ಟೈಟಾನಿಯಂ ಮಿಶ್ರಲೋಹ. ತುಕ್ಕು ಹಿಡಿಯದು, ಎಂಆರ್‌ಐ ಕೂಡ ತೆಗೆಸಬಹುದು.) ಕಾಲುವೆ ಕಿರಿದಾದವರಿಗೆ, ಒಂದು ಮೂಳೆ ತುಸು ಮುಂದೆ ಜಾರಿದವರಿಗೆ, ಬರೀ ಜಾಗ ಬಿಡಿಸಿದರೆ ಸಾಕೋ, ಬೆಸೆಯಲೂ ಬೇಕೋ? 2016ರ ಏಪ್ರಿಲ್‌ನ ಒಂದೇ ಸಂಚಿಕೆಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಪತ್ರಿಕೆ ಎರಡು ಅಧ್ಯಯನ ಅಚ್ಚು ಹಾಕಿತು. ಸ್ವೀಡನ್ನಿನ 247 ರೋಗಿಗಳಲ್ಲಿ ಬೆಸುಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಮೆರಿಕದ 66 ರೋಗಿಗಳಲ್ಲಿ ಸ್ವಲ್ಪ ಲಾಭ ಕಂಡಿತು. ಒಂದೇ ರಟ್ಟಿನೊಳಗೆ ಎರಡು ತೀರ್ಪು! 2021ರಲ್ಲಿ ನಾರ್ವೆಯವರು ಮೂಳೆ ಜಾರಿದ 267 ಜನರನ್ನೇ ತೆಗೆದುಕೊಂಡು ನೋಡಿದರು. ಎರಡು ವರ್ಷದ ಬಳಿಕ ಬರೀ ಜಾಗ ಬಿಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 71, ಬೆಸೆಸಿಕೊಂಡವರಲ್ಲಿ ಸುಮಾರು 73 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ವ್ಯತ್ಯಾಸ ಇಷ್ಟೇ!

ಹಾಗೆಂದು ಸ್ಕ್ರೂ ಬೇಡವೇ ಬೇಡ ಎಂದಲ್ಲ. ಎಂಆರ್‌ಐ ತೆಗೆಯುವುದು ಮಲಗಿಸಿ. ಮಲಗಿದಾಗ ಜಾರಿದ ಮೂಳೆ ಜಾಗಕ್ಕೆ ಮರಳಿ ಸಭ್ಯವಾಗಿ ಕೂತಿರುವುದುಂಟು! ನಿಲ್ಲಿಸಿ, ಮುಂದಕ್ಕೆ ಬಾಗಿಸಿ, ಹಿಂದಕ್ಕೆ ಬಗ್ಗಿಸಿ ತೆಗೆದ ಸಾದಾ ಎಕ್ಸ್‌ರೇಯಲ್ಲಿ ಅದರ ಬಣ್ಣ ಬಯಲು. ಹಾಗೆ ಅಲುಗಾಡುವ ಮೂಳೆಗೆ ಬೆಸುಗೆ ಬೇಕಾಗುತ್ತದೆ. ಕೆಲವು ನೂರು ರೂಪಾಯಿಯ ಎಕ್ಸ್‌ರೇ ದುಬಾರಿ ಸ್ಕ್ಯಾನಿಗೆ ಕಾಣದ್ದನ್ನು ಕಾಣಿಸುತ್ತದೆ. ಬೆಸುಗೆ ಹಿಡಿಯಬೇಕಾದರೆ ಇನ್ನೊಂದು ಶರತ್ತು: ನಿಕೋಟಿನ್ ಹೊಸ ಮೂಳೆ ಬೆಳೆಯಲು ಬಿಡದು. ಬೀಡಿ ಬಿಟ್ಟೆ ಎಂದು ಬೀಗುವವರ ಬಾಯಲ್ಲಿ ಎಲೆ ಅಡಿಕೆ ಜೊತೆ ತಂಬಾಕಿನ ಎಸಳು ಇದ್ದರೆ ಅದೂ ಲೆಕ್ಕಕ್ಕೆ ಬಂತು!

ಕೊಯ್ಯದೆ ಇರುವುದೂ ಒಂದು ವಿದ್ಯೆ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಬೆನ್ನುಮೂಳೆಯ ಕ್ಷಯಕ್ಕೆ ಹಾಂಕಾಂಗಿನಲ್ಲಿ ಹಾಡ್ಜ್‌ಸನ್ ಮತ್ತು ಸ್ಟಾಕ್ 1956ರಲ್ಲಿ ಮುಂದಿನಿಂದ ಹೋಗಿ ಕೊಳೆತ ಮೂಳೆಯನ್ನೆಲ್ಲ ತೆಗೆದು ಹೊಸ ಮೂಳೆ ಇಡುವ ದೊಡ್ಡ ಆಪರೇಷನ್ ಪ್ರಕಟಿಸಿದರು, ಎಲ್ಲರೂ ಅದರ ಬೆನ್ನುಹತ್ತಿದರು. ಡಾ. ಎಸ್. ಎಂ. ತುಲಿ 1975ರಲ್ಲಿ ಮಧ್ಯಮ ಮಾರ್ಗ ಎಂಬ ತಮ್ಮ ಪದ್ಧತಿಯ ಫಲಿತಾಂಶ ಮುಂದಿಟ್ಟರು. ಎಲ್ಲರಿಗೂ ಮಾತ್ರೆ ಮತ್ತು ವಿಶ್ರಾಂತಿ, ನರ ಸೋಲುತ್ತಿದ್ದರೆ ಅಥವಾ ಮಾತ್ರೆಗೆ ಬಗ್ಗದಿದ್ದರೆ ಮಾತ್ರ ಚಾಕು. ಆಪರೇಷನ್ ಥಿಯೇಟರು ಅಪರೂಪವಾಗಿದ್ದ ದೇಶದಲ್ಲಿ ಹುಟ್ಟಿದ ಈ ಲೆಕ್ಕ ಪಠ್ಯಪುಸ್ತಕ ಸೇರಿತು! ಸೊಂಟನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ನಮ್ಮಲ್ಲಿ ಇವತ್ತಿಗೂ ಕ್ಷಯದ ಅನುಮಾನವೇ ಮೊದಲು.

ತೋಟಕ್ಕೆ ಬರೋಣ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದಿಂದ ಬಿದ್ದು ಕಾಲೂರಿದರೆ ಹಿಮ್ಮಡಿ ಒಡೆಯುತ್ತದೆ. ಎಲ್ಲರ ಕಣ್ಣೂ ಊದಿದ ಹಿಮ್ಮಡಿಯ ಮೇಲೆ. ಆದರೆ ಅನುಭವಿ ಮೂಳೆ ಡಾಕ್ಟರು ಹಿಮ್ಮಡಿ ಮುಟ್ಟಿದವರೇ ಬೆನ್ನಿಗೆ ಕೈ ಹಾಕುತ್ತಾರೆ! ಬಿದ್ದ ಭಾರ ಹಿಮ್ಮಡಿಯಿಂದ ಮೇಲಕ್ಕೇರಿ ಎದೆಗೂಡು ಮುಗಿದು ಸೊಂಟ ಶುರುವಾಗುವ ಮೂಳೆಯನ್ನು ಸಿಡಿಸಿರುವುದುಂಟು. ಬಿದ್ದವನನ್ನು ಎತ್ತಿ ಕೂರಿಸಿ ನೀರು ಕುಡಿಸುವುದಕ್ಕಿಂತ ಹಲಗೆಯ ಮೇಲೆ ಅಡ್ಡ ಮಲಗಿಸುವುದು ಒಳಿತು. ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯುವುದು ಹೆಚ್ಚುತ್ತಿದೆ. ಮಲೆನಾಡಿನ ಬೆನ್ನುಗಳಿಗೆ ಯಾವ ಸರ್ಜನ್ ಮಾಡಿದ ಉಪಕಾರಕ್ಕಿಂತಲೂ ಅದು ದೊಡ್ಡದು ಎಂದು ನಾನಂತೂ ಹೇಳುತ್ತೇನೆ. ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಬಾಗಿ ಕೂತು ಅಡಿಕೆ ಸುಲಿಯುವ ಹೆಂಗಸರ ಸೊಂಟದ ಕಥೆ ಇನ್ನೊಂದು. 1999ರಲ್ಲಿ ಜರ್ಮನಿಯ ವಿಲ್ಕೆ ತಂಡ ಒಬ್ಬ ಸರ್ಜನ್ನನ ಡಿಸ್ಕಿನೊಳಕ್ಕೇ ಒತ್ತಡ ಅಳೆಯುವ ಸೂಜಿ ಇಟ್ಟಿತು! ಮಲಗಿದಾಗ 0.1, ನಿಂತಾಗ 0.5 ಮೆಗಾಪಾಸ್ಕಲ್. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3, ಮಂಡಿ ಮಡಚಿ ಎತ್ತಿದರೆ 1.7. ನಿದ್ದೆಯಲ್ಲಿ ಏಳು ತಾಸಿಗೆ ಡಿಸ್ಕ್ ನೀರು ಹೀರಿಕೊಂಡು ಒತ್ತಡ 0.24ಕ್ಕೆ ಏರಿತ್ತು. ನಾವು ಬೆಳಿಗ್ಗೆ ಎದ್ದಾಗ ರಾತ್ರಿಗಿಂತ ತುಸು ಎತ್ತರ ಇರುವುದು ಅದರಿಂದಲೇ!

ಆದರೆ ದುಡಿಮೆಯೇ ಎಲ್ಲಕ್ಕೂ ಕಾರಣ ಎಂದು ಷರಾ ಬರೆಯುವ ಹಾಗಿಲ್ಲ. ಫಿನ್ಲೆಂಡಿನಲ್ಲಿ ಬ್ಯಾಟಿ ತಂಡ 115 ಜೋಡಿ ತದ್ರೂಪಿ ಅವಳಿ ಗಂಡಸರ ಬೆನ್ನು ನೋಡಿ 1995ರಲ್ಲಿ ಬರೆಯಿತು. ಡಿಸ್ಕ್ ಸವೆತದಲ್ಲಿ ಜೀವಮಾನದ ಭಾರದ ಕೆಲಸದ ಪಾಲು ತೀರಾ ಚಿಕ್ಕದು, ಹುಟ್ಟಿನ ಪಾಲು ದೊಡ್ಡದು! ಹುಟ್ಟಿನ ಪಾಲು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಇದೇ ಸಾಗರ ರಸ್ತೆಯ ಮುಂದಿನ ಕಡೆ ಲೋಕವೇ ನೋಡಿದ ಒಂದು ಉದಾಹರಣೆ ಇದೆ. ಸಾಗರದ ಹತ್ತಿರದ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ಬಡ ಕುಟುಂಬಗಳಲ್ಲಿ ಸೊಂಟ, ಚಪ್ಪೆ ಹಿಡಿದು ನಡೆಯಲಾಗದವರು ಒಬ್ಬರ ಹಿಂದೊಬ್ಬರು ಕಾಣಿಸಿಕೊಂಡರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನಿನ ಮೂಲಕ ಒಳಸೇರಿತೇ ಎಂಬ ಅನುಮಾನವೂ ಹುಟ್ಟಿತು. ಮುಂದೆ ವಂಶಾವಳಿ, ಎಕ್ಸ್‌ರೇ ಜೋಡಿಸಿ ನೋಡಿದಾಗ ಅದು ಮೂಳೆ ಬೆಳೆಯುವ ಬಗೆಯಲ್ಲೇ ಇರುವ, ತಂದೆ ಅಥವಾ ತಾಯಿ ಒಬ್ಬರಿಂದಲೇ ಇಳಿಯಬಲ್ಲ ವಂಶವಾಹಿ ಕಾಯಿಲೆ ಎಂದು ಹೊರಬಿತ್ತು. ಚಪ್ಪೆಯ ಕೀಲಿನ ಜೊತೆ ಬೆನ್ನಿನ ಮೂಳೆಗಳೂ ಚಪ್ಪಟೆ.

ಸೊಂಟನೋವೆಂದು ಬಂದವರ ಚಪ್ಪೆಯನ್ನೂ ತಿರುಗಿಸಿ ನೋಡಬೇಕೆಂಬ ಪಾಠ ಈ ಸೀಮೆಗೆ ಚೆನ್ನಾಗಿಯೇ ಒಪ್ಪುತ್ತದೆ. ಹಂದಿಗೋಡಿನ ಕಾಯಿಲೆ ಇಲ್ಲದವರಲ್ಲೂ ಈ ಗೊಂದಲ ಸಾಮಾನ್ಯ. 1983ರಲ್ಲೇ ಆಫೀರ್ಸ್ಕಿ ಮತ್ತು ಮ್ಯಾಕ್‌ನ್ಯಾಬ್ ಚಪ್ಪೆ–ಬೆನ್ನಿನ ಜೋಡಿ ತೊಂದರೆ ಎಂದೇ ಬರೆದರು. ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಹಾಕಲಾಗದು, ಕಾಲನ್ನು ಒಳಕ್ಕೆ ತಿರುಗಿಸಿದರೆ ಚೀರುವಂತಾಗುವುದು ಎಂದರೆ ಆರೋಪಿ ಚಪ್ಪೆಯ ಕೀಲು. ಅಂಥವರ ಬೆನ್ನಿಗೆ ಯಾವ ಬಾಗಿಲಿನಿಂದ ಹೋದರೂ ನೋವು ಅಲ್ಲೇ ಇರುತ್ತದೆ!

ಖರ್ಚಿನ ವಿಷಯಕ್ಕೆ ಒಂದೇ ಮಾತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲ ಮೆಟ್ಟಿಲು ಸರ್ಕಾರಿ ಆಸ್ಪತ್ರೆ, ನಮ್ಮವರಿಗಾದರೆ ಶಿವಮೊಗ್ಗದ ಮೆಗ್ಗಾನ್. ತಾಳ್ಮೆಯಿಂದ ಓಡಾಡಲು ಸಮಯವಿದ್ದವರ ಮಾತು ಇದು.

ಒಂದು ಸ್ಥಿತಿಯಲ್ಲಿ ಮಾತ್ರ ಆ ಸಮಯ ಇರುವುದಿಲ್ಲ. ದೊಡ್ಡ ತುಂಡೊಂದು ಕಾಲುವೆಯ ಪೂರ್ತಿ ಅಗಲಕ್ಕೂ ಕೂತು, ಬೆನ್ನುಹುರಿ ಮುಗಿದ ಮೇಲೆ ತೇಲುವ ಆ ಎಲ್ಲ ನರಗಳನ್ನೂ ಒಟ್ಟಿಗೆ ಹಿಚುಕುತ್ತದೆ. ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟುತ್ತದೆ, ಮೂತ್ರ ಕಟ್ಟುತ್ತದೆ ಅಥವಾ ಗೊತ್ತಾಗದೆ ಹೋಗುತ್ತದೆ, ಎರಡೂ ಕಾಲು ಸೋಲುತ್ತವೆ. ವಿಚಿತ್ರವೆಂದರೆ ಕೆಲವೊಮ್ಮೆ ನೋವೇ ಕಡಿಮೆಯಾಗಿ, ವಾಸಿಯಾಯಿತು ಎಂದು ಮನೆಯವರು ಸಮಾಧಾನಪಡುತ್ತಾರೆ! ಇಲ್ಲಿ ಸೂಕ್ಷ್ಮದರ್ಶಕವೋ ಎಂಡೋಸ್ಕೋಪೋ, ಎಡವೋ ಬಲವೋ ಎಂಬ ಚರ್ಚೆಗೆ ಬೆಲೆಯಿಲ್ಲ. 48 ಗಂಟೆಯೊಳಗೆ, ಸಾಧ್ಯವಾದರೆ ಅದಕ್ಕೂ ಮೊದಲು, ಹಿಂದಿನಿಂದ ತೆರೆದು ಜಾಗ ಬಿಡಿಸಲೇಬೇಕು. ಉಳುಕು ತೆಗೆಯುವವರ ಮನೆಗೆ ಹೋಗಿ ಬೆನ್ನು ತುಳಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು ಎರಡು ದಿನ ಕಳೆದರೆ ಮೂತ್ರಚೀಲ ಮತ್ತೆ ಮೊದಲಿನಂತಾಗುವ ಭರವಸೆ ಇಲ್ಲ. ಆಯನೂರಿನಲ್ಲಿದ್ದರೆ ಬೆಳಗಿನ ಬಸ್ಸಿಗೆ ಕಾಯದೆ ರಾತ್ರಿಯೇ 108ಕ್ಕೆ ಫೋನ್ ಮಾಡಿ, "ಮೂತ್ರ ಕಟ್ಟಿದೆ, ಕೂರುವ ಜಾಗ ಮರಗಟ್ಟಿದೆ" ಎಂಬ ಎರಡು ಮಾತನ್ನು ಮೊದಲೇ ಹೇಳಿಬಿಡಿ.